ಕಾಡುಕೋಣ ಕೋಣವಲ್ಲ
ಈ ತಿಂಗಳ ಸಂಘದ ಸಭೆಗೆ ಪಾಠ



ಮುಸ್ಸಂಜೆ ಹೊತ್ತು. ಹಿತ್ತಲ ಬೇಲಿಯ ಆಚೆ ಕಪ್ಪಗೆ ಏನೋ ನಿಂತಿದೆ, ತಲೆ ತಗ್ಗಿಸಿ ಮೇಯುತ್ತಿದೆ. "ಅಕ್ಕಾ, ನಿಮ್ಮ ಎಮ್ಮೆ ಇನ್ನೂ ಕೊಟ್ಟಿಗೆಗೆ ಬರ್ಲಿಲ್ವಾ? ನಮ್ಮ ಬಸಳೆ ಚಪ್ಪರದ ಹತ್ರ ನಿಂತದೆ ನೋಡಿ" ಎಂದು ಪಕ್ಕದ ಮನೆಗೆ ಕೂಗಿ ಹೇಳುತ್ತೇವೆ. ಹಾಗೇ ಒಂದು ಕೋಲು ಹಿಡಿದು ಅಟ್ಟಲು ಹೊರಡುತ್ತೇವೆ. ಎಮ್ಮೆಯೇ ಆಗಿದ್ದರೆ ತೊಂದರೆ ಇಲ್ಲ, ಒಂದು ಸಲ ಗದರಿಸಿದರೆ ತಿರುಗಿ ಹೋಗುತ್ತದೆ. ಆದರೆ ಅದು ಕಾಡುಕೋಣ ಆಗಿದ್ದರೆ? ಆ ಕೋಲು ನಮ್ಮನ್ನು ಕಾಪಾಡುವುದಿಲ್ಲ.

ಹಟ್ಟಿಕೇರಿಯಂಥ ಊರುಗಳ ಒಂದು ಕಡೆ ಹೆದ್ದಾರಿ ಮತ್ತು ಸಮುದ್ರ, ಇನ್ನೊಂದು ಕಡೆ ಸಹ್ಯಾದ್ರಿಯ ಗುಡ್ಡ. ಕಾರವಾರ, ಅಂಕೋಲಾ, ಜೋಯಿಡಾ ಕಡೆಯ ಕಾಡುಗಳಲ್ಲಿ ಕಾಡುಕೋಣಗಳಿವೆ. ಕಟ್ಟಿಗೆಗೆ, ಸೊಪ್ಪಿಗೆ, ತರಗೆಲೆಗೆ ಕಾಡಂಚಿಗೆ ಹೋಗುವವರು ಹೆಚ್ಚಾಗಿ ನಾವೇ ಹೆಂಗಸರು. ಸಂಜೆ ದನ ಎಮ್ಮೆ ಹುಡುಕಿಕೊಂಡು ಹೋಗುವವರೂ ನಾವೇ. ಆದ್ದರಿಂದ ಎಮ್ಮೆ ಯಾವುದು, ಕಾಡುಕೋಣ ಯಾವುದು ಎಂದು ದೂರದಿಂದಲೇ ಗುರುತಿಸುವುದನ್ನು ನಾವೇ ಮೊದಲು ಕಲಿಯಬೇಕು.

ಹೆಸರೇ ದಾರಿ ತಪ್ಪಿಸುತ್ತದೆ

ಕನ್ನಡದಲ್ಲಿ ಇದಕ್ಕೆ ಕಾಡುಕೋಣ ಅಂತೇವೆ, ಕಾಟಿ ಅಂತಲೂ ಹೇಳುವುದುಂಟು. ಕೊಂಕಣಿಯಲ್ಲಿ ಗವೊ ರೆಡೊ ಅಂತಾರೆ. ರೆಡೊ ಅಂದರೂ ಕೋಣವೇ. ಬ್ರಿಟಿಷರ ಕಾಲದ ಬೇಟೆಗಾರರು ಇದನ್ನು ಬೈಸನ್ ಎಂದು ಕರೆದರು. ಆ ಹೆಸರು ಇವತ್ತಿಗೂ ಬಾಯಲ್ಲಿ ಉಳಿದಿದೆ. ಆದರೆ ನಿಜವಾದ ಬೈಸನ್ ಅಮೆರಿಕ ಮತ್ತು ಯುರೋಪಿನ ಪ್ರಾಣಿ. ಅದರ ತಲೆ, ಹೆಗಲ ಮೇಲೆ ಕಂಬಳಿ ಹೊದ್ದ ಹಾಗೆ ದಟ್ಟ ಕೂದಲು ಇರುತ್ತದೆ. ಅದು ನಮ್ಮ ದೇಶದ ಕಾಡಿನಲ್ಲಿ ಇಲ್ಲವೇ ಇಲ್ಲ.

ಹಾಗಾದರೆ ನಮ್ಮ ಕಾಡುಕೋಣ ಯಾವ ಜಾತಿಗೆ ಸೇರಿದ್ದು? ಅದರ ಸರಿಯಾದ ಹೆಸರು ಗೌರ್. ಅದು ಎಮ್ಮೆ ಕೋಣಗಳ ಕುಲದ್ದಲ್ಲ, ದನ ಎತ್ತುಗಳ ಹತ್ತಿರದ ಸಂಬಂಧಿ. ಈಶಾನ್ಯ ಭಾರತದ ಜನ ಸಾಕುವ ಮಿಥುನ್ ಎಂಬ ಪ್ರಾಣಿ ಇದರದೇ ಬಳಗ. ಎಮ್ಮೆಯ ಕಾಡು ಸಂಬಂಧಿ ಬೇರೆಯೇ ಇದೆ. ಅದನ್ನು ನೋಡಬೇಕಾದರೆ ಅಸ್ಸಾಮಿನ ಕಾಜಿರಂಗದಂಥ ಕಡೆ ಹೋಗಬೇಕು. ನಮ್ಮ ಪಕ್ಕದ ಗೋವಾ ರಾಜ್ಯ ಗೌರ್ ಪ್ರಾಣಿಯನ್ನೇ ತನ್ನ ರಾಜ್ಯಪ್ರಾಣಿಯಾಗಿ ಆರಿಸಿಕೊಂಡಿದೆ.

ಗುರುತುಗಳು

1. ಕಾಲು: ಕಾಡುಕೋಣದ ನಾಲ್ಕೂ ಕಾಲು ಮೊಣಕಾಲಿನಿಂದ ಕೆಳಗೆ ಬಿಳಿ. ಶಾಲೆ ಮಕ್ಕಳು ಸಾಕ್ಸ್ ಹಾಕಿದ ಹಾಗೆ ಕಾಣುತ್ತದೆ. ನಮ್ಮ ಎಮ್ಮೆಗೆ ಸಾಮಾನ್ಯವಾಗಿ ಹಾಗಿರುವುದಿಲ್ಲ.

2. ಕೋಡು: ಎಮ್ಮೆಯ ಕೋಡು ಚಪ್ಪಟೆ, ಮೇಲೆಲ್ಲ ಸುಕ್ಕು ಸುಕ್ಕು, ಹಿಂದಕ್ಕೆ ಬಾಗಿರುತ್ತದೆ. ಕಾಡುಕೋಣದ ಕೋಡು ತಲೆಯ ಎರಡೂ ಬದಿಯಿಂದ ಹೊರಗೆ ಚಾಚಿ ಮೇಲಕ್ಕೆ ಏಳುತ್ತದೆ, ತುದಿ ಒಳಕ್ಕೆ ಬಾಗುತ್ತದೆ. ಬುಡ ಹಳದಿ ಬಣ್ಣ, ತುದಿ ಕಪ್ಪು.

3. ಹಣೆ: ಕಾಡುಕೋಣದ ಎರಡು ಕೋಡುಗಳ ನಡುವೆ ದಿಬ್ಬದ ಹಾಗೆ ಉಬ್ಬಿರುತ್ತದೆ. ಆ ಉಬ್ಬು ಬೂದಿ ಬಣ್ಣದ್ದು. ಎಮ್ಮೆಗೆ ಆ ದಿಬ್ಬ ಇಲ್ಲ.

4. ಬೆನ್ನು: ಕಾಡುಕೋಣದ ಹೆಗಲಿನಿಂದ ನಡುಬೆನ್ನಿನ ತನಕ ಎತ್ತರದ ದಿಣ್ಣೆ ಇದೆ. ಅಲ್ಲಿಂದ ಬೆನ್ನು ಒಮ್ಮೆಲೇ ಇಳಿಯುತ್ತದೆ. ಎಮ್ಮೆಯ ಬೆನ್ನು ಹೆಚ್ಚು ಕಡಿಮೆ ನೇರ.

5. ಗಾತ್ರ: ಬೆಳೆದ ಗಂಡು ಕಾಡುಕೋಣ 600ರಿಂದ 1000 ಕಿಲೋ ತೂಗುತ್ತದೆ. ಹೆಗಲಿನ ಎತ್ತರ ಸುಮಾರು 6 ಅಡಿ, ಅಂದರೆ ನಮ್ಮ ತಲೆಗಿಂತ ಮೇಲೆ.

6. ಮೈ: ಕಾಡುಕೋಣದ ಮೈಮೇಲೆ ನುಣುಪಾದ ಗಿಡ್ಡ ಕೂದಲು. ಎಮ್ಮೆಗೆ ಕೂದಲು ವಿರಳ, ಚರ್ಮವೇ ಕಾಣುತ್ತದೆ. ಬಿಸಿಲಾದರೆ ಎಮ್ಮೆ ಕೆಸರಿಗೆ ಇಳಿದು ಮಲಗುತ್ತದೆ. ಕಾಡುಕೋಣಕ್ಕೆ ಆ ಚಟ ಇಲ್ಲ, ಅದು ಮರದ ನೆರಳು ಹುಡುಕುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಒಂದೇ ಗುರುತು ನೋಡಿ ತೀರ್ಮಾನ ಮಾಡಬೇಡಿ. ಕೆಸರಿಗೆ ಇಳಿದು ಬಂದ ಎಮ್ಮೆಯ ಕಾಲು ಒಣಗಿದ ಮೇಲೆ ಬಿಳಿಚಿಕೊಂಡು ಕಾಣುತ್ತದೆ. ಗದ್ದೆ ತುಳಿದು ಬಂದ ಕಾಡುಕೋಣದ ಬಿಳಿ ಕಾಲು ಕೆಸರಿನಲ್ಲಿ ಮುಚ್ಚಿಹೋಗುತ್ತದೆ. ಬಣ್ಣವನ್ನೂ ನಂಬುವ ಹಾಗಿಲ್ಲ. ಗಂಡು ಕಪ್ಪಾದರೆ ಹೆಣ್ಣು ಕಂದು, ಸಣ್ಣ ಕರು ಹೊಂಬಣ್ಣ. ಕಾಡಂಚಿನಲ್ಲಿ ಒಂಟಿ ಕರು ಕಂಡರೆ "ಪಾಪ, ಯಾರದೋ ದನದ ಕರು" ಎಂದು ಹತ್ತಿರ ಹೋಗಬೇಡಿ. ತಾಯಿ ಪೊದೆಯ ಹಿಂದೆಯೇ ಇರಬಹುದು. ಕಾಲು, ಕೋಡು, ಬೆನ್ನು, ಈ ಮೂರನ್ನೂ ನೋಡಿ. ಕತ್ತಲೆಯಲ್ಲಿ ಯಾವುದೂ ಸರಿಯಾಗಿ ಕಾಣದಿದ್ದರೆ ಅದು ಕಾಡುಕೋಣವೇ ಎಂದು ತಿಳಿದು ಹಿಂದೆ ಸರಿಯಿರಿ. ಎಮ್ಮೆ ಒಂದು ಹೊತ್ತು ತಡವಾಗಿ ಕೊಟ್ಟಿಗೆಗೆ ಬಂದರೆ ನಷ್ಟವೇನಿಲ್ಲ.

ಎದುರಾದರೆ ಏನು ಮಾಡಬೇಕು?

ಕಾಡುಕೋಣ ತಾನಾಗಿ ಜನರ ಮೇಲೆ ಬರುವ ಪ್ರಾಣಿಯಲ್ಲ. ಮನುಷ್ಯರ ವಾಸನೆ ಬಂದರೆ ಹೆಚ್ಚಾಗಿ ಅದೇ ದೂರ ಹೋಗುತ್ತದೆ. ಗಾಬರಿಯಾದಾಗ, ಗಾಯವಾದಾಗ, ಕರು ಜೊತೆಗಿದ್ದಾಗ ಮಾತ್ರ ಅಪಾಯ ಹೆಚ್ಚು. ಒಂಟಿಯಾಗಿ ತಿರುಗುವ ಗಂಡಿನ ಬಗ್ಗೆಯೂ ಜಾಗ್ರತೆ ಬೇಕು.

ಅದು ಬುಸ್ ಎಂದು ಉಸಿರು ಬಿಟ್ಟರೆ, ತಲೆ ತಗ್ಗಿಸಿದರೆ ಎಚ್ಚರಿಕೆ ಕೊಡುತ್ತಿದೆ ಎಂದರ್ಥ. ಇನ್ನೊಂದು ಮುಖ್ಯ ವಿಷಯ: ಅದು ನಮಗೆ ಅಡ್ಡವಾಗಿ, ಪಕ್ಕ ತೋರಿಸಿ ನಿಂತರೆ "ಹೋಗ್ತಾ ಇದೆ" ಅಂತ ತಿಳಿಯಬೇಡಿ. "ನಾನು ಎಷ್ಟು ದೊಡ್ಡವ ನೋಡು" ಎಂದು ಹೆದರಿಸುವ ರೀತಿ ಅದು. ಆಗ ಬೆನ್ನು ಹಾಕಿ ಓಡಬೇಡಿ. ಅದನ್ನು ನೋಡುತ್ತಲೇ ನಿಧಾನವಾಗಿ ಹಿಂದೆ ಬನ್ನಿ, ದೊಡ್ಡ ಮರವೋ ಗೋಡೆಯೋ ಇದ್ದರೆ ಅದರ ಮರೆಗೆ ಹೋಗಿ. ಕಲ್ಲು ಹೊಡೆಯುವುದು, ನಾಯಿ ಬಿಡುವುದು, ಪಟಾಕಿ ಸಿಡಿಸುವುದು, ಮೊಬೈಲಿನಲ್ಲಿ ಫೋಟೋ ತೆಗೆಯಲು ಸುತ್ತುವರಿಯುವುದು, ಇವು ಯಾವುದೂ ಬೇಡ. ಅದು ಕಾಡಿಗೆ ಮರಳುವ ದಾರಿಗೆ ಯಾರೂ ಅಡ್ಡ ನಿಲ್ಲಬಾರದು.

ಊರೊಳಗೆ ಬಂದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಸಾಕಿದ ಎಮ್ಮೆ ದನಗಳ ಚಿಕಿತ್ಸೆಗೆ ಪಶು ಇಲಾಖೆಯ ನಂಬರು 1962. ಎರಡೂ ಒಂದೇ ಥರ ಕಾಣುತ್ತವೆ, ಅದಲು ಬದಲು ಆಗದಿರಲಿ. ಕಾಡಿನದಕ್ಕೆ 26, ಕೊಟ್ಟಿಗೆಯದಕ್ಕೆ 62.

ಕಾನೂನು ಮತ್ತು ಪರಿಹಾರ

ಗದ್ದೆ ತುಳಿದಾಗ ಸಿಟ್ಟು ಬರುವುದು ಸಹಜ. ಸಾಲ ಮಾಡಿ ಬಿತ್ತಿದ ಬೆಳೆ ಒಂದೇ ರಾತ್ರಿಯಲ್ಲಿ ಹೋದರೆ ಹೊಟ್ಟೆ ಉರಿಯದೇ ಇರುತ್ತದೆಯೇ? ಆದರೂ ಉರುಳು ಹಾಕುವುದು, ಬೇಲಿಗೆ ಕರೆಂಟು ಕೊಡುವುದು ಬೇಡ. ಆ ತಂತಿ ಮೊದಲು ನಮ್ಮ ಮಕ್ಕಳ ಜೀವವನ್ನೇ ತೆಗೆದೀತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಗೌರ್ ಮೊದಲನೇ ಅನುಸೂಚಿಯಲ್ಲಿದೆ. ಕೊಂದರೆ 3ರಿಂದ 7 ವರ್ಷ ಜೈಲು, ಮೇಲೆ ದಂಡ. "ಕಾಡಿನ ಕೋಣದ ಮಾಂಸ" ಎಂದು ಯಾರಾದರೂ ತಂದರೆ ಕೊಳ್ಳುವುದೂ ಅಪರಾಧ. "ಕೋಣ ಅಂತ ತಿಳಿದಿದ್ದೆ" ಅಂದರೆ ಕೇಸು ಬಿಡುವುದಿಲ್ಲ.

ಬೆಳೆ ಹಾಳಾದರೆ ಅರಣ್ಯ ಇಲಾಖೆಯಿಂದ ಪರಿಹಾರ ಕೇಳುವ ಹಕ್ಕು ನಮಗಿದೆ. ಹೆಜ್ಜೆ ಗುರುತು ಅಳಿಯುವ ಮೊದಲೇ ಫೋಟೋ ತೆಗೆದಿಡಿ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಜೊತೆಗಿಟ್ಟುಕೊಂಡು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ತಡಮಾಡದೆ ಅರ್ಜಿ ಕೊಡಿ. ಪಹಣಿ ಮಾವನ ಹೆಸರಿನಲ್ಲೋ ಭಾವನ ಹೆಸರಿನಲ್ಲೋ ಇದ್ದರೆ ಏನೇನು ಬೇಕೆಂದು ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ. ಬರೆಯಲು ಬಾರದವರಿಗೆ ಸಂಘದಲ್ಲಿ ಬರೆಯಬಲ್ಲವರು ಕುಳಿತು ಬರೆದುಕೊಡಬೇಕು.

ನಮ್ಮಿಂದ ಅದಕ್ಕೂ ಅಪಾಯ

ಹಿಂದೆ ದೊಡ್ಡ ರೋಗ ಎಂಬ ಜಾನುವಾರು ಕಾಯಿಲೆ ಇತ್ತು. 1968ರಲ್ಲಿ ಅದು ಬಂಡೀಪುರ, ಮುದುಮಲೈ ಕಾಡಿಗೂ ಹಬ್ಬಿ ಬಹಳ ಕಾಡುಕೋಣಗಳು ಸತ್ತವು. ಲಸಿಕೆಯಿಂದಾಗಿ ಆ ರೋಗ ಈಗ ಲೋಕದಲ್ಲೇ ಇಲ್ಲ, 2011ರಲ್ಲಿ ಹಾಗೆಂದು ಘೋಷಣೆಯಾಯಿತು. ಆದರೆ ಕಾಲುಬಾಯಿ ಜ್ವರ ಇನ್ನೂ ಇದೆ. ಅದು ನಮ್ಮ ಎಮ್ಮೆ ದನಕ್ಕೂ ಬರುತ್ತದೆ, ಕಾಡುಕೋಣಕ್ಕೂ ಬರುತ್ತದೆ. ಸರಕಾರ ಇದಕ್ಕೆ ಉಚಿತವಾಗಿ ಲಸಿಕೆ ಹಾಕುತ್ತದೆ. ಸಂಘದ ಸಾಲದಲ್ಲಿ ಎಮ್ಮೆ ಕೊಂಡವರು ಒಂದು ಸುತ್ತನ್ನೂ ತಪ್ಪಿಸಬಾರದು. ಎಮ್ಮೆ ಕಾಯಿಲೆ ಬಿದ್ದರೆ ಹಾಲೂ ಇಲ್ಲ, ಕಂತೂ ಇಲ್ಲ.

ಸಭೆಯಲ್ಲಿ ಚರ್ಚಿಸಿರಿ

* ನಮ್ಮ ಊರಿನಲ್ಲಿ ಕಾಡುಕೋಣ ಯಾವ ದಾರಿಯಲ್ಲಿ, ಯಾವ ಹೊತ್ತಿನಲ್ಲಿ ಬರುತ್ತದೆ? ಕಂಡವರು ಹೇಳಲಿ.
* ಕಟ್ಟಿಗೆಗೆ ಒಬ್ಬೊಬ್ಬರೇ ಹೋಗುವವರು ಯಾರು? ಜೊತೆಯಾಗಿ ಹೋಗಲು ಯಾವ ಹೊತ್ತು ಅನುಕೂಲ?
* ಸಂಜೆ ಎಮ್ಮೆಗಳನ್ನು ಬೆಳಕಿರುವಾಗಲೇ ಕೊಟ್ಟಿಗೆಗೆ ತರಲು ಏನು ಮಾಡಬಹುದು?
* ಯಾರ ಯಾರ ಎಮ್ಮೆ ದನಗಳಿಗೆ ಲಸಿಕೆ ಆಗಿಲ್ಲ? ಸಂಘದ ಪುಸ್ತಕದಲ್ಲಿ ಬರೆದಿಡಿ.

ಮನೆಗೆ ಹೋಗಿ ಮಕ್ಕಳಿಗೂ ಅತ್ತೆಯವರಿಗೂ ಈ ಪಾಠ ಹೇಳಿರಿ. ನೆನಪಿಡಲು ಮೂರೇ ಮಾತು: ಕಾಲು ನೋಡು, ಕೋಡು ನೋಡು, ಬೆನ್ನು ನೋಡು. ಅನುಮಾನ ಬಂದರೆ ಹಿಂದೆ ಸರಿ.