ಬೀಗದ ಕೈ ಕೊಡುವ ಮುನ್ನ

ಪ್ರಶ್ನೆ: ಮೈಸೂರಿನ ನಮ್ಮ ಮನೆ ಮಾರಿದ್ದೇವೆ. ಕೊಂಡವರಿಗೆ ಒಪ್ಪಿಸುವ ಮೊದಲು ಏನೇನು ಮಾಡಬೇಕು?

ಉತ್ತರ: ಸುಣ್ಣಬಣ್ಣದ ಚಿಂತೆ ಬಿಡಿ, ಕೊಂಡವರು ಹೇಗೂ ತಮಗೆ ಬೇಕಾದ ಬಣ್ಣ ಹೊಡೆಸುತ್ತಾರೆ. ಜಗಳ ಹುಟ್ಟುವುದು ಬಾಕಿಯಿಂದ. ಆಸ್ತಿ ತೆರಿಗೆ, ನೀರಿನ ಬಿಲ್ಲು ಕಟ್ಟಿ ರಸೀದಿಗಳನ್ನು ಮೂಲಪತ್ರಗಳ ಜೊತೆ ಇಡಿ. ಮನೆ ಬಿಡುವ ದಿನ ಕರೆಂಟಿನ ಮೀಟರ್ ರೀಡಿಂಗನ್ನು ಅವರೆದುರೇ ಫೋಟೊ ತೆಗೆಯಿರಿ. ಆರ್‌ಆರ್ ನಂಬರ್ ಅವರ ಹೆಸರಿಗೆ ವರ್ಗವಾಗುವ ತನಕ ಬಿಲ್ಲು ನಿಮ್ಮ ಹೆಸರಿಗೇ ಬರುತ್ತದೆ. ವಿದ್ಯುತ್ ಕಂಪನಿ ಸೆಸ್ಕ್‌ನಲ್ಲಿ ನೀವಿಟ್ಟ ಭದ್ರತಾ ಠೇವಣಿ ಯಾರಿಗೆ ಸೇರಬೇಕು ಎಂಬುದನ್ನೂ ಮಾತಾಡಿಕೊಳ್ಳಿ. ಬಹಳ ಜನ ಇದನ್ನು ಮರೆಯುತ್ತಾರೆ.

ಫ್ಯಾನು, ಗೀಸರು, ಯುಪಿಎಸ್ಸು ಯಾವುದು ಉಳಿಯುತ್ತದೆ, ಯಾವುದು ನಿಮ್ಮೊಡನೆ ಬರುತ್ತದೆ ಎಂದು ಬರೆದು ಇಬ್ಬರೂ ಸಹಿ ಹಾಕಿ. ದೇವರ ಮನೆ ಬಾಗಿಲಿನ ಗಂಟೆಗಳನ್ನು ಬಿಚ್ಚಿಕೊಳ್ಳುವುದಿದ್ದರೆ ಅದನ್ನೂ ಹೇಳಿಬಿಡಿ. ಸಂಪು ತೊಳೆಸಿ. ಮೇನ್ ವಾಲ್ವ್ ಎಲ್ಲಿದೆ, ಯಾವ ಟೈಲ್ಸಿನ ಕೆಳಗೆ ಒಳಚರಂಡಿಯ ಚೇಂಬರ್ ಮುಚ್ಚಿಹೋಗಿದೆ ಎಂದು ಕರೆದುಕೊಂಡು ಹೋಗಿ ತೋರಿಸಿ. ಇಲ್ಲದಿದ್ದರೆ ಮೊದಲ ಸಲ ಚರಂಡಿ ಕಟ್ಟಿಕೊಂಡಾಗ ಅವರು ಅಂಗಳವನ್ನೇ ಅಗೆಯಬೇಕಾಗುತ್ತದೆ.

ಬೆಲೆ 50 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕೊಂಡವರು ಶೇ 1ರಷ್ಟು ಟಿಡಿಎಸ್ ಮುರಿದುಕೊಳ್ಳುತ್ತಾರೆ. ಅದರ ಪ್ರಮಾಣಪತ್ರ ಕೇಳಿ ಪಡೆಯಿರಿ. ಉಳಿದ ಹಣ ಪೂರ್ತಿ ನಿಮ್ಮ ಖಾತೆಗೆ ಬೀಳುವ ತನಕ ಮಾತ್ರ ಬೀಗದ ಕೈ ಕೊಡಬೇಡಿ, ಕೊಂಡವರು ನೆಂಟರೇ ಆಗಿದ್ದರೂ.