ಮಕ್ಕಳ ಕೈಗೆ ಚಿಲ್ಲರೆ ಕೊಟ್ಟು ನೋಡಿ

ಸರ್ಕಾರಿ ಶಾಲೆಯ ನಲಿ-ಕಲಿ ತರಗತಿ ನನ್ನದು. ವರ್ಷವರ್ಷವೂ ಮಕ್ಕಳ ಸಂತೆ ನಡೆಸುತ್ತ ಬಂದಿದ್ದೇವೆ. ದುಡ್ಡಿನ ವಿಷಯದಲ್ಲಿ ಮಕ್ಕಳಿಗೆ ಬುದ್ಧಿ ಹೇಳುವುದನ್ನು ಕಡಿಮೆ ಮಾಡಿ, ದುಡ್ಡನ್ನೇ ಅವರ ಕೈಗೆ ಕೊಡಬೇಕು ಎಂಬುದು ನನಗೆ ಅಲ್ಲಿ ಖಚಿತವಾದ ಮಾತು.

1. ಮೊದಲು ಮುಟ್ಟಲಿ. ಒಂದರ ಮೂರು ನಾಣ್ಯ, ಐದರ ಒಂದು ನಾಣ್ಯ ಮುಂದಿಟ್ಟರೆ ಚಿಕ್ಕ ಮಕ್ಕಳು ಸಾಮಾನ್ಯವಾಗಿ ಮೂರನ್ನೇ ಬಾಚಿಕೊಳ್ಳುತ್ತಾರೆ. ತಿದ್ದಲು ಹೋಗಬೇಡಿ, ಒಂದು ರೂಪಾಯಿಯ ಐದು ನಾಣ್ಯ ಕೊಟ್ಟು ಐದರ ಬಿಲ್ಲೆ ಪಡೆಯುವ ಆಟ ಆಡಿಸಿ. ಬಟ್ಟೆಯ ಚೀಲಕ್ಕೆ ನಾಣ್ಯ ಹಾಕಿ, ನೋಡದೆ ಹೇಳಿಸಿ. ಇಪ್ಪತ್ತರ ನಾಣ್ಯಕ್ಕೆ 12 ಅಂಚು, ಬೆರಳಿಗೆ ತಕ್ಷಣ ಗೊತ್ತಾಗುತ್ತದೆ. ಹತ್ತರದ್ದು ಸುತ್ತ ಹಳದಿ, ನಡುವೆ ಬಿಳಿ. ಇಪ್ಪತ್ತರದ್ದು ಅದರ ತಿರುಗಾಮುರುಗಾ. ಐವತ್ತರ ಹೊಸ ನೋಟಿನ ಹಿಂದೆ ಹಂಪಿಯ ಕಲ್ಲಿನ ರಥವಿದೆ, ಪಕ್ಕದ ಭಾಷೆಗಳ ಪಟ್ಟಿಯಲ್ಲಿ ಕನ್ನಡ ನಾಲ್ಕನೆಯ ಸಾಲು. ಆಗಷ್ಟೇ ಓದು ಕಲಿತ ಮಗು ಅದನ್ನು ಹುಡುಕಿ ಓದುವಾಗಿನ ಖುಷಿಯೇ ಬೇರೆ.

2. ಕೊಳ್ಳುವುದಕ್ಕಿಂತ ಮಾರುವುದರಲ್ಲಿ ಕಲಿಕೆ ಹೆಚ್ಚು. ದಂಟಿನ ಸೊಪ್ಪು, ನಿಂಬೆಹಣ್ಣು ಸೇರಿ 13 ರೂಪಾಯಿ ಆಯಿತು, ಗಿರಾಕಿ ಇಪ್ಪತ್ತರ ನೋಟು ಕೊಟ್ಟರು ಅನ್ನಿ. ಪುಸ್ತಕದ ಲೆಕ್ಕ ಕಲಿತ ಮಗು 'ಸೊನ್ನೆಯಲ್ಲಿ ಮೂರು ಹೋಗಲ್ಲ, ಪಕ್ಕದಿಂದ ಸಾಲ ತಗೋಬೇಕು' ಎಂದು ಅಂಗೈ ಮೇಲೆ ಬೆರಳಾಡಿಸುತ್ತ ನಿಂತುಬಿಡುತ್ತದೆ. ಸಂತೆಗೆ ಬಂದ ಸೊಪ್ಪಿನ ಅಜ್ಜಿಯೊಬ್ಬರು ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು ಒಬ್ಬ ಹುಡುಗನಿಗೆ ತೋರಿಸಿದ್ದು ಹೀಗೆ: 'ಎಲ್ಲ ಸೇರಿ ಹದಿಮೂರು' ಅಂದರು. ಎರಡು ರೂಪಾಯಿ ಇಟ್ಟು 'ಹದಿನೈದು', ಐದರ ಬಿಲ್ಲೆ ಇಟ್ಟು 'ಇಪ್ಪತ್ತು. ಆಯ್ತಲ್ಲ ಮಗಾ?' ಕಳೆಯುವ ಲೆಕ್ಕವನ್ನು ಅವರು ಕೂಡಿಸುತ್ತ ಮುಗಿಸಿದ್ದರು. ಇದನ್ನು ಈಗ ನಾವು ತರಗತಿಯಲ್ಲೇ ಮೊದಲು ಆಡಿಸುತ್ತೇವೆ. ಬೆಂಕಿಪೊಟ್ಟಣ, ಸೋಪಿನ ಖಾಲಿ ಡಬ್ಬಗಳೇ ಅಂಗಡಿಯ ಸಾಮಾನು. ಅಂಗಡಿಯವನ ಪಾತ್ರ ಎಲ್ಲರಿಗೂ ಸರದಿಯಲ್ಲಿ ಬರಬೇಕು. ಜೋರು ಬಾಯಿಯ ಮಕ್ಕಳೇ ಗಲ್ಲಾಪೆಟ್ಟಿಗೆ ಹಿಡಿದು ಕೂರುವುದುಂಟು, ಅದಕ್ಕೆ ಅವಕಾಶ ಕೊಡಬಾರದು.

3. ಎಲ್ಲ ಮಕ್ಕಳ ಕೈಯಲ್ಲೂ ಒಂದೇ ಮೊತ್ತ. ಇದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ. ಒಬ್ಬ ನೂರು ತಂದು, ಇನ್ನೊಬ್ಬಳು ಬರಿಗೈಯಲ್ಲಿ ಬಂದರೆ ಆ ದಿನ ಅವಳು ಕಲಿಯುವುದು ಅವಮಾನವನ್ನು ಮಾತ್ರ. ಮಕ್ಕಳು ಕೊಳ್ಳುವುದಕ್ಕೆ ರಟ್ಟಿನ ಚೀಟಿ, ಎಲ್ಲರಿಗೂ ಸಮ. ನಿಜವಾದ ದುಡ್ಡು ಪೋಷಕರಿಂದ, ಊರಿನವರಿಂದ ಬರಲಿ.

4. ಅಸಲು ಕೇಳಿ. ವ್ಯಾಪಾರ ಮುಗಿದ ಮೇಲೆ ಎಲ್ಲರನ್ನೂ ಸುತ್ತ ಕೂರಿಸಿ ಲೆಕ್ಕ ಒಪ್ಪಿಸಲು ಹೇಳುತ್ತೇನೆ. ಕರಿಬೇವು ಮಾರಿದ್ದ ಮೂರನೆಯ ತರಗತಿಯ ಹುಡುಗಿ 'ನಂದು ಪೂರ್ತಿ ಲಾಭ ಮಿಸ್, ಹಿತ್ತಲ ಗಿಡ' ಅಂದಳು. ಪಕ್ಕದವಳು ಬಿಡಲಿಲ್ಲ: 'ನಿಮ್ಮಜ್ಜಿ ಬೆಳಗ್ಗೆ ಎದ್ದು ಕಿತ್ತು ಕಟ್ಟು ಕಟ್ಟಿದ್ರಲ್ಲ, ಅದಕ್ಕೆ?' ಅಜ್ಜಿಗೆ ಎಷ್ಟು ಕೊಡಬೇಕು ಎಂದು ತರಗತಿಯೇ ವಾದಕ್ಕಿಳಿಯಿತು. ಕೂಲಿ, ನೀರು, ಗೊಬ್ಬರ, ದಾರ ಎಲ್ಲವೂ ಲೆಕ್ಕಕ್ಕೆ ಬಂದವು. ನಾನು ಬಾಯಿ ಹಾಕಲಿಲ್ಲ. ಮನೆಯಲ್ಲಿ ಸಂಬಳವಿಲ್ಲದೆ ನಡೆಯುವ ಕೆಲಸಕ್ಕೂ ಬೆಲೆಯಿದೆ ಎಂಬುದು ಅಷ್ಟು ಚಿಕ್ಕ ಮಕ್ಕಳಿಗೆ ತಾವಾಗಿಯೇ ಹೊಳೆಯಿತಲ್ಲ, ಅದೊಂದಕ್ಕೇ ಸಂತೆಯ ಶ್ರಮವೆಲ್ಲ ಸಾರ್ಥಕ.

5. ಸ್ಕ್ಯಾನ್ ಮಾಡುವಾಗ ಮಗುವನ್ನು ಜೊತೆಗೆ ಸೇರಿಸಿಕೊಳ್ಳಿ. 2016ರಲ್ಲಿ ಯುಪಿಐ ಬಂದ ಮೇಲೆ ಬೆಳೆದ ಮಕ್ಕಳು ಅಪ್ಪ ಅಮ್ಮ ದುಡ್ಡು ಎಣಿಸಿ ಕೊಡುವುದನ್ನೇ ಅಪರೂಪಕ್ಕೆ ನೋಡಿದ್ದಾರೆ. ಫೋನು ಹಿಡಿದರೆ ಸಾಮಾನು ಬರುತ್ತದೆ ಎಂದೇ ಅವರ ತಿಳಿವಳಿಕೆ. ಇದಕ್ಕೊಂದು ಆಟವಿದೆ: ವಾರದ ತಿಂಡಿ-ತರಕಾರಿಗೆ ಎಂದು ಡಬ್ಬದಲ್ಲಿ ಹತ್ತರ ನೋಟುಗಳನ್ನಿಡಿ. ಅದಕ್ಕಾಗಿ ಸ್ಕ್ಯಾನ್ ಮಾಡಿ ಬಂದಾಗಲೆಲ್ಲ ಅಷ್ಟೇ ನೋಟನ್ನು ಮಗುವೇ ತೆಗೆದು ನಿಮ್ಮ ಕೈಗೆ ಕೊಡಲಿ. ಗುರುವಾರದ ಹೊತ್ತಿಗೆ 'ಇನ್ನು ಎರಡೇ ಇದೆ' ಎಂದು ಅದೇ ನಿಮ್ಮನ್ನು ಎಚ್ಚರಿಸುತ್ತದೆ.

6. ತಟ್ಟೆ ತೊಳೆದದ್ದಕ್ಕೆ, ಹಾಸಿಗೆ ಮಡಚಿದ್ದಕ್ಕೆ ದುಡ್ಡು ಕೊಡಬೇಡಿ. ಮನೆಗೆಲಸಕ್ಕೆ ಬೆಲೆಯಿದೆ ನಿಜ, ಆದರೆ ಅದು ಮನೆಯವರೆಲ್ಲ ಹಂಚಿಕೊಳ್ಳಬೇಕಾದ ಕೆಲಸ, ಕೂಲಿಯಲ್ಲ.

7. ಉಳಿತಾಯದ ಗಡುವು ಚಿಕ್ಕದಿರಲಿ. ಆರು ವರ್ಷದ ಮಗುವಿಗೆ ಒಂದು ವಾರವೇ ದೀರ್ಘಕಾಲ. ಬಣ್ಣದ ಪೆನ್ಸಿಲ್ಲಿಗೋ ಬುಗುರಿಗೋ ಕೂಡಿಡಲಿ. ಮಣ್ಣಿನ ಹುಂಡಿಗಿಂತ ಗಾಜಿನ ಬಾಟಲಿ ವಾಸಿ, ಏರುವುದು ಕಾಣುತ್ತದೆ. ದಿನಕ್ಕಿಷ್ಟು ಎಂಬ ಕ್ರಮ ನಮ್ಮ ನಾಡಿಗೆ ಹೊಸದಲ್ಲ: ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಉಡುಪಿಯ ಬ್ಯಾಂಕು 1928ರಲ್ಲಿ ಪಿಗ್ಮಿ ಯೋಜನೆ ತಂದಾಗ ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕಿತ್ತು. ಇವತ್ತಿಗೂ ಸಂಜೆ ಅಂಗಡಿಗೆ ಬರುವ ಪಿಗ್ಮಿಯವರನ್ನು ಮಕ್ಕಳಿಗೆ ತೋರಿಸಿ, ಆ ರಸೀದಿಯಲ್ಲಿ ಏನಿದೆ ಎಂದು ಓದಿಸಿ. ಹತ್ತು ವರ್ಷ ತುಂಬಿದವರು ಬ್ಯಾಂಕು ಹಾಕಿದ ಮಿತಿಯೊಳಗೆ ಉಳಿತಾಯ ಖಾತೆಯನ್ನು ತಾವೇ ನಡೆಸಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅವಕಾಶವಿದೆ. ಚಲನ್ ಅವರೇ ತುಂಬಲಿ, ಕೌಂಟರಿನ ಸಾಲಿನಲ್ಲಿ ಅವರೇ ನಿಲ್ಲಲಿ. ನೀವು ಹಿಂದಿನ ಬೆಂಚಿನಲ್ಲಿ ಕೂತಿದ್ದರೆ ಸಾಕು.