ವಿಚ್‌ಗೆ ಅಡ್ಡಹೆಸರು ಗೊತ್ತಿಲ್ಲ

ಅಮೃತಹಳ್ಳಿಯ ಪೀಜಿ ಕೋಣೆಗಳಲ್ಲಿ ರಾತ್ರಿ ಹನ್ನೊಂದಾದರೂ ಟರ್ಮಿನಲ್ ತೆರೆದು ಕೂತಿರುವ ಗೆಳೆಯರೇ, ಒಂದು ಮಾತು. ಕಮಾಂಡ್ ವಿಚಿತ್ರವಾಗಿ ಆಡತೊಡಗಿದರೆ, ಅದು ಎಲ್ಲಿದೆ ಎಂದು ತೋರಿಸುವ ‘ವಿಚ್’ ಒಂದನ್ನೇ ಕೇಳಿ ಸುಮ್ಮನಾಗಬೇಡಿ.

ಹಾಗೆ ಸುಮ್ಮನಾಗಿ ನಾನು ಒಂದಿಡೀ ಸಂಜೆ ಕಳೆದುಕೊಂಡಿದ್ದೇನೆ. ಓಡುತ್ತಿದ್ದದ್ದು ಹಳೆಯ ಪೈಥಾನ್. ವಿಚ್ ತೋರಿಸುತ್ತಿದ್ದದ್ದು ಹೊಸದರ ಜಾಗ. ಕೊನೆಗೆ ‘ಟೈಪ್ -ಎ ಪೈಥಾನ್’ ಎಂದು ಒತ್ತಿದೆ. ಮೊದಲ ಸಾಲಲ್ಲೇ ಉತ್ತರವಿತ್ತು: ಬ್ಯಾಶ್‌ಆರ್‌ಸಿ ಫೈಲಿನಲ್ಲಿ ಎಂದೋ ಬರೆದು ಮರೆತಿದ್ದ ಅಲಿಯಾಸ್, ಅಂದರೆ ಅಡ್ಡಹೆಸರು.

ಬ್ಯಾಶ್‌ನಲ್ಲಿ ವಿಚ್ ಹೊರಗಿನ ಪ್ರೋಗ್ರಾಂ. ಬಾಗಿಲ ಸಂಖ್ಯೆ ಹಿಡಿದು ಬರುವ ಕೊರಿಯರ್‌ನವರಿಗೆ ಮನೆಮಗುವಿನ ಮುದ್ದಿನ ಹೆಸರು ಹೇಗೆ ತಿಳಿಯಬೇಕು? ವಿಚ್ ಸಾಮಾನ್ಯವಾಗಿ ಪಾಥ್‌ನಲ್ಲಿರುವ ಫೋಲ್ಡರ್‌ಗಳನ್ನಷ್ಟೇ ತಡಕುತ್ತದೆ. ಟೈಪ್ ಹಾಗಲ್ಲ, ಶೆಲ್‌ನ ಮನೆಯದೇ. ಅಲಿಯಾಸ್, ಫಂಕ್ಷನ್, ಬಿಲ್ಟಿನ್, ಕಡೆಗೆ ಫೈಲ್ ಎಂದು ಶೆಲ್ ಹುಡುಕುವ ಕ್ರಮದಲ್ಲೇ ಹೇಳುತ್ತದೆ. ಫಂಕ್ಷನ್ ಸಿಕ್ಕರೆ ಅದರೊಳಗಿನ ಸಾಲುಗಳನ್ನೂ ಬಿಚ್ಚಿಡುತ್ತದೆ. ನನಗೆ ಅತಿ ಇಷ್ಟವಾದ ಗುಣ ಇದೇ. ಮ್ಯಾಕ್‌ನ ಡಿಫಾಲ್ಟ್ ಶೆಲ್ ಆದ ಜೆಡ್‌ಶೆಲ್‌ನಲ್ಲಿ ವಿಚ್ ಕೂಡ ಒಳಗಿನದೇ, ಹಾಗಾಗಿ ಮ್ಯಾಕ್ ಬಳಸುವವರಿಗೆ ಈ ಕಾಟ ಕಡಿಮೆ.

ಸ್ಕ್ರಿಪ್ಟ್‌ನಲ್ಲಿ ಇದೇ ಹುಡುಕಾಟಕ್ಕೆ ‘ಕಮಾಂಡ್ -ವಿ’ ಬಳಸಿ, ಅದು ಪೋಸಿಕ್ಸ್ ಮಾನಕದಲ್ಲಿದೆ. ಅಲಿಯಾಸ್ ದಾಟಲು ಹೆಸರಿನ ಮುಂದೆ ಬ್ಯಾಕ್‌ಸ್ಲ್ಯಾಶ್ ಸಾಕು. ಫಂಕ್ಷನ್ ದಾಟಲು ಅದು ಸಾಲದು. ‘ಕಮಾಂಡ್’ ಎಂಬ ಪದವನ್ನೇ ಮುಂದಿಡಬೇಕು. ಟರ್ಮಿನಲ್‌ನಲ್ಲಿ ನಡೆದದ್ದು ಸ್ಕ್ರಿಪ್ಟ್‌ನಲ್ಲಿ ನಡೆಯದಿದ್ದರೆ ಮೊದಲು ಅಲಿಯಾಸನ್ನೇ ಅನುಮಾನಿಸಿ. ನೀವಾಗಿ ಹೇಳದ ಹೊರತು ಬ್ಯಾಶ್ ಸ್ಕ್ರಿಪ್ಟ್‌ಗಳಲ್ಲಿ ಅಲಿಯಾಸ್ ಬಿಚ್ಚುವುದಿಲ್ಲ.